ದುರ್ಗದ ಮೇಲೆ ನೂರು ರೂಮು ಯಾಕೆ?

“ದೇವರಾಯನದುರ್ಗಕ್ಕೂ ಲಲಿತಮಹಲ್‌ನಂಥದ್ದೊಂದು ಹೋಟೆಲ್ ಬೇಕು ಸಾರ್. ಹಳೇ ಕಟ್ಟಡ ರಿಪೇರಿ ಮಾಡಿ, ಪಕ್ಕದಲ್ಲೇ ನೂರು ರೂಮು ಎಬ್ಬಿಸಬೇಕು.” ಈ ವಾರ ತುಮಕೂರಿನ ಮದುವೆ ಮನೆಯೊಂದರಲ್ಲಿ ಪಂಕ್ತಿಯಲ್ಲಿ ಪಕ್ಕ ಕೂತವರು ಹೇಳಿದ ಮಾತಿದು. ಸುತ್ತ ನಾಲ್ಕು ಜನ ತಲೆಯಾಡಿಸಿದರು. ನನಗೆ ಸಿಟ್ಟು ಬಂದದ್ದು ಆಗ.

1921ರಲ್ಲಿ ನಾಲ್ವಡಿಯವರು ವೈಸ್‌ರಾಯ್‌ಗಾಗಿ ಕಟ್ಟಿಸಲು ತೊಡಗಿದ ಲಲಿತಮಹಲ್ 1974ರಲ್ಲಿ ಹೋಟೆಲಾಯಿತು, 2018ರಲ್ಲಿ ರಾಜ್ಯದ ಕೈಗೆ ಬಂತು. ಅದಿರುವುದು ಚಾಮುಂಡಿ ಬೆಟ್ಟದ ಕೆಳಗೆ. ಬೆಟ್ಟದ ಮೇಲಿದ್ದ ರಾಜೇಂದ್ರ ವಿಲಾಸ ಹೋಟೆಲ್ ಬಾಗಿಲು ಹಾಕಿ ದಶಕಗಳೇ ಕಳೆದವು. ಮೈಸೂರಿನ ಉದಾಹರಣೆ ಕೊಡುವವರು ಎರಡನ್ನೂ ಕೊಡಲಿ.

ರಿಪೇರಿ ಎಂದರೆ ನಮ್ಮ ಕಂತ್ರಾಟುದಾರರಿಗೆ ಸಿಮೆಂಟು. ಎಷ್ಟು ಸಲ ಬರೆದರೂ ನಾನಿದನ್ನು ಬಿಡುವುದಿಲ್ಲ. ಸುಣ್ಣದ ಗಾರೆಯ ಗೋಡೆ ತೇವ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಮೇಲೆ ಸಿಮೆಂಟು ಮೆತ್ತಿದರೆ ತೇವಕ್ಕೆ ಹೊರದಾರಿಯಿಲ್ಲ, ಗೋಡೆ ಒಳಗೇ ಕೊಳೆಯುತ್ತದೆ. ಗುಬ್ಬಿಯಲ್ಲಿ ನಮ್ಮ ದೊಡ್ಡಪ್ಪನ ತೊಟ್ಟಿಮನೆಗೆ ಹೀಗೇ ಆಯಿತು. ತಾತನ ಕಾಲದಿಂದ ಗಟ್ಟಿಯಾಗಿದ್ದ ಗೋಡೆ, ಸಿಮೆಂಟು ಬಳಿದ ಮೇಲೆ ಬಂದ ಮೊದಲ ಮಳೆಗಾಲದಲ್ಲೇ ಉಬ್ಬಿ ಹೆಕ್ಕಳೆಯಾಗಿ ಉದುರಿತು. ಸುಣ್ಣ ಅರೆಯಬಲ್ಲ ಮುದುಕರು ಇನ್ನೂ ಇದ್ದಾರೆ. ಅವರನ್ನು ಕರೆದು ಕೂಲಿ ಕೊಡಿ, ಹುಡುಗರಿಗೆ ಕಲಿಸಲು ಹೇಳಿ. ಹಳೇ ಕಟ್ಟಡಕ್ಕೆ ಬೇಕಾದದ್ದು ಅಷ್ಟೇ.

ಇನ್ನು ವಿಸ್ತರಣೆ. ಹಳೆಯದೆಲ್ಲ ಖಾಲಿ ಸೈಟಿನಂತೆ ಕಾಣುವ ಈ ರೋಗ ನಮ್ಮ ಜಿಲ್ಲೆಗೆ ಹೊಸದಲ್ಲ. ಟಿಪ್ಪು ಕಾಲದ ಕುಣಿಗಲ್ ಕುದುರೆ ಫಾರಂ ಜಾಗದಲ್ಲಿ ಟೌನ್‌ಶಿಪ್ ಮಾಡುವ ಮಾತೆದ್ದದ್ದು ನೆನಪಿರಬೇಕು. ದುರ್ಗ ಸುಮಾರು 3,900 ಅಡಿ ಎತ್ತರದ ಕಾಡುಬೆಟ್ಟ. ಜಯಮಂಗಲಿ, ಶಿಂಷಾ ಹುಟ್ಟುವ ನೆಲ. ನರಸಿಂಹನ ದರ್ಶನಕ್ಕೆ ಬಂದವರು ಹದಿನೈದು ಕಿಲೋಮೀಟರ್ ಇಳಿದು ತುಮಕೂರಿನಲ್ಲಿ ಮಲಗಬಹುದು. ನೂರು ರೂಮು, ಅದಕ್ಕೊಂದು ಈಜುಕೊಳ, ಅಲ್ಲಿಂದ ಹರಿಯುವ ಕೊಳಚೆ ಎಲ್ಲಿಗೆ ಇಳಿಯುತ್ತದೆ? ಆ ಎರಡು ಹೊಳೆಗಳಿಗೇ.

ನೀರೆಲ್ಲಿಂದ ಎಂದೂ ಕೇಳಿದೆ. “ಹೇಮಾವತಿ ಇದೆಯಲ್ಲ ಸಾರ್” ಎಂದರು. ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿಷಯದಲ್ಲಿ ಗುಬ್ಬಿಯವರೂ ಕುಣಿಗಲ್‌ನವರೂ ಮುಖ ತಿರುಗಿಸಿಕೊಂಡಿರುವುದು ಇದೇ ಹೇಮಾವತಿ ನೀರಿಗಾಗಿ. ಈಜುಕೊಳಕ್ಕೆ ಯಾರ ಪಾಲಿನಿಂದ ಕಡಿಯುತ್ತೀರಿ ಎಂಬುದನ್ನು ಗುಬ್ಬಿಯ ರೈತರ ಮುಂದೆ ನಿಂತು ಹೇಳಿ, ಆಮೇಲೆ ಬೆಟ್ಟ ಹತ್ತಿ.