ಮರಿ ನೋಡುವ ಮೊದಲು ತಾಯಿಯನ್ನು ನೋಡಿ

ಕಳೆದ ತಿಂಗಳು ಕಮಲಾಪುರದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಲಬುರಗಿಯ ನಮ್ಮ ಮನೆಗೆ ಬಂದಿದ್ದ. ಕೊನೆಯ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದ ಆ ಹುಡುಗ ಈಗ ಕೆಂಪು ಬಾಳೆಯ ತೋಟದ ಒಡೆಯ. ಉಪಕಸುಬಾಗಿ ಮುಧೋಳ ನಾಯಿ ಸಾಕಿ, ಮರಿ ಮಾಡಿಸಿ ಮಾರಬೇಕೆಂಬುದು ಅವನ ವಿಚಾರ.

“ಸರ್, ಎರಡು ಹೆಣ್ಣು ನೋಡಿಟ್ಟೀನ್ರಿ. ಬಿಳೀದು ಭಾಳ ಚಂದ ಅದರಿ, ಓಟಾನೂ ಜೋರು. ಆದರ ಮಂದಿ ಬಂದರ ಮೂಲ್ಯಾಗ ಸೇರಿ ಗುರ್ ಅಂತದರಿ. ಇನ್ನೊಂದು ಬೂದು ಬಣ್ಣದ್ದು. ನೋಡ್ಲಿಕ್ಕ ಸಾದಾ ಅದ, ಮಕ್ಕಳ ಜೋಡಿ ಆರಾಮ ಇರ್ತದ. ಯಾವುದು ತಗೋಬೇಕ್ರಿ?”

ನಾನು ಪಶುವೈದ್ಯನಲ್ಲ. ಆದರೂ ಈ ಪ್ರಶ್ನೆಗೆ ಉತ್ತರಿಸುವ ಹಕ್ಕನ್ನು ಒಂದು ತಪ್ಪು ಮಾಡಿ ಸಂಪಾದಿಸಿದ್ದೇನೆ. ಅದನ್ನು ನಮ್ಮ ಬಂಧುಗಳಲ್ಲಿ ಕೆಲವರು ಬಲ್ಲರು. ಪೂರ್ತಿ ಬಲ್ಲವರು ಕಡಿಮೆ.

1987ರಲ್ಲಿ ನಾನು ಕಮಲಾಪುರದಲ್ಲಿದ್ದಾಗ ನಮ್ಮಣ್ಣ ಮುಧೋಳದ ಕಡೆಯಿಂದ ಬಿಳಿಯ ಹೆಣ್ಣು ನಾಯಿಯೊಂದನ್ನು ತಂದಿದ್ದ. ನೀಳ ಮುಖ, ಆಳವಾದ ಎದೆ, ಒಳಗೆ ಸೆಳೆದ ಹೊಟ್ಟೆ, ಬಿಲ್ಲಿನಂಥ ಬೆನ್ನು. ದಾರಿಹೋಕರು ನಿಂತು ನೋಡುತ್ತಿದ್ದರು. ಆದರೆ ಅಪರಿಚಿತರ ಹೆಜ್ಜೆ ಕೇಳಿದೊಡನೆ ಅದು ಮಂಚದಡಿ ಸೇರಿ ಹಲ್ಲು ಕಿರಿಯುತ್ತಿತ್ತು. ‘ಬೇಟೆ ನಾಯಿ, ಸಿಟ್ಟು ಇರಲೇಬೇಕು’ ಎಂದು ನಾವು ಹೆಮ್ಮೆಪಟ್ಟೆವು. ಮರುವರ್ಷ ಐದು ಮರಿಗಳಾದವು. ತಾಯಿಯ ಅಂದವನ್ನು ವರ್ಣಿಸಿ ಬಂಧುಗಳಿಗೆಲ್ಲ ಕಾಗದ ಬರೆದವನು ನಾನೇ. ಅದರ ಗುರುಗುಡುವಿಕೆಯ ವಿಷಯ ಮಾತ್ರ ಒಂದು ಕಾಗದದಲ್ಲಿಯೂ ಬರೆಯಲಿಲ್ಲ.

ಒಂದು ಮರಿ ಕಲಬುರಗಿಯಲ್ಲಿದ್ದ ನನ್ನ ತಂಗಿಯ ಮನೆಗೆ ಹೋಯಿತು. ಎಂಟು ತಿಂಗಳ ನಂತರ, ಮೂಲೆಯಲ್ಲಿ ಮಲಗಿದ್ದ ಅದನ್ನು ಅಪ್ಪಿಕೊಳ್ಳಲು ಹೋದ ತಂಗಿಯ ಮಗನ ತುಟಿಯನ್ನು ಅದು ಸೀಳಿತು. ಆಗ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ತೆಗೆದುಕೊಳ್ಳಬೇಕಾಗಿದ್ದ ಕಾಲ. ಐದು ವರ್ಷದ ಕೂಸು ಹದಿನಾಲ್ಕು ದಿನ ಅತ್ತಿತು. ನಾಯಿಯನ್ನು ಯಾರೋ ಊರ ಹೊರಗೆ ಬಿಟ್ಟು ಬಂದರು. ಎಲ್ಲರೂ ಆ ಮರಿಯನ್ನು ಬೈದರು. ತಪ್ಪು ಮರಿಯದಾಗಿರಲಿಲ್ಲ, ತಾಯಿಯನ್ನು ಆರಿಸಿದ ನಮ್ಮದಾಗಿತ್ತು.

ಆದ್ದರಿಂದ ಶಿಷ್ಯನಿಗೆ ಮರುಪ್ರಶ್ನೆ ಹಾಕಿದೆ: “ಬಾಳೆಯ ಕಂದನ್ನು ಎಂಥ ಗಿಡದಿಂದ ತೆಗೆಯುತ್ತೀ?”

“ರೋಗ ಇಲ್ಲದ, ಗೊನಿ ಛಲೋ ಹಾಕಿದ ತಾಯಿಗಿಡದಿಂದ ರೀ.”

ನಾಯಿಯ ವಿಷಯದಲ್ಲಿ ಇದು ಇನ್ನೂ ಹೆಚ್ಚು ಸತ್ಯ. ಕಂದು ತಾಯಿಯ ಗುಣವನ್ನು ಗಡ್ಡೆಯಿಂದ ಮಾತ್ರ ಪಡೆಯುತ್ತದೆ. ನಾಯಿಮರಿ ರಕ್ತದಿಂದ ಅರ್ಧ ಪಡೆದು, ಆಮೇಲೆ ತಾಯಿಯ ಮಗ್ಗುಲಲ್ಲಿಯೇ ಇದ್ದು ಅವಳನ್ನು ನೋಡಿ ಕಲಿಯುತ್ತದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ತಮ್ಮ ದೀರ್ಘಕಾಲದ ಅಧ್ಯಯನವನ್ನು 1965ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಮರಿ ಮನುಷ್ಯರೊಡನೆ ಬೆರೆಯಲು ಕಲಿಯುತ್ತದೆ ಎಂಬುದು ಅವರು ತೋರಿಸಿಕೊಟ್ಟ ಮಾತು. ಆ ಅವಧಿಯ ಬಹುಪಾಲು ಮರಿಯ ಗುರು ತಾಯಿಯೇ. ಅವಳು ಮನುಷ್ಯರನ್ನು ಕಂಡು ನಡುಗಿದರೆ ಪಾಠ ಅದೇ ಆಗುತ್ತದೆ. ರಷ್ಯಾದ ಬೆಲ್ಯಾಯೆವ್ 1959ರಲ್ಲಿ ನರಿಗಳ ಮೇಲೆ ಪ್ರಯೋಗ ಆರಂಭಿಸಿ, ಪ್ರತಿ ತಲೆಮಾರಿನಲ್ಲಿಯೂ ಸಾಧು ಸ್ವಭಾವದವುಗಳನ್ನಷ್ಟೇ ಆರಿಸುತ್ತ ಹೋದರು. ಕೆಲವೇ ತಲೆಮಾರುಗಳಲ್ಲಿ ಬಾಲ ಅಲ್ಲಾಡಿಸುವ ನರಿಮರಿಗಳು ಹುಟ್ಟಿದವು. ಸ್ವಭಾವವೂ ಬಣ್ಣದಂತೆ ವಂಶದಲ್ಲಿ ಇಳಿದು ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಒಂದು ಸೂಕ್ಷ್ಮವನ್ನು ಇಲ್ಲಿ ಮರೆಯಬಾರದು. ಮುಧೋಳ ನಾಯಿ ಸ್ವಭಾವತಃ ಬಿಗುಮಾನದ್ದು; ಹೊಸಬರ ಮೈಮೇಲೆ ಏರಿ ನೆಕ್ಕುವ ಜಾತಿಯಲ್ಲ. ದೂರ ನಿಂತು ನೋಡುವುದು ಬೇರೆ, ಹೆದರಿ ಕಚ್ಚಲು ಬರುವುದು ಬೇರೆ. ಹೆಣ್ಣಿನ ಬಳಿ ಸುಮ್ಮನೆ ಅರ್ಧ ಗಂಟೆ ಕುಳಿತುಕೊಳ್ಳಿ. ಒಳ್ಳೆಯದು ತಾನಾಗಿ ಮೂಸಲು ಬರುತ್ತದೆ. ಟ್ರ್ಯಾಕ್ಟರಿನ ಸದ್ದಿಗೆ ಬೆಚ್ಚಿದರೂ ಕ್ಷಣದಲ್ಲಿ ಸಾವರಿಸಿಕೊಳ್ಳುತ್ತದೆ. ಒಂದೇ ಭೇಟಿ ಸಾಲದು. ಉಣ್ಣುವಾಗ ನೋಡಿ, ಮಕ್ಕಳ ನಡುವೆ ನೋಡಿ, ಬೇರೆ ನಾಯಿ ಹಾದು ಹೋಗುವಾಗ ನೋಡಿ. ಸಾಧ್ಯವಾದರೆ ಅದರ ತಾಯಿಯನ್ನೂ ಒಡಹುಟ್ಟಿದವನ್ನೂ ನೋಡಿ.

‘ಸಾಧು ನಾಯಿ ತೋಟ ಕಾಯುವುದಿಲ್ಲ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಧೈರ್ಯವಿರುವ ನಾಯಿ ಬೊಗಳಿ ಎಚ್ಚರಿಸುತ್ತದೆ. ಪುಕ್ಕಲು ನಾಯಿ ಕಳ್ಳನನ್ನು ಬಿಟ್ಟು ಕೂಸನ್ನು ಕಚ್ಚುತ್ತದೆ.

ಇನ್ನು ಆರೋಗ್ಯ. ಕಣ್ಣು, ಹಲ್ಲು, ಚರ್ಮ, ನಡಿಗೆ, ಲಸಿಕೆ ಇವು ಮೊದಲ ಪಾಠ. ಗರ್ಭ ಕಳೆಯುವ ಬ್ರುಸೆಲ್ಲಾ ರೋಗಕ್ಕೆ ಗಂಡು ಹೆಣ್ಣು ಎರಡರ ರಕ್ತವನ್ನೂ ಪರೀಕ್ಷಿಸಬೇಕು. ಒಂದೇ ಮನೆತನದ ಗಂಡು ಹೆಣ್ಣನ್ನು ಕೂಡಿಸಬಾರದು. ಅಡಗಿದ ದೋಷಗಳು ಆಗ ಹೊರಬರುತ್ತವೆ. ಗರ್ಭ ಸುಮಾರು 63 ದಿನ. ನಮ್ಮ ಕಲಬುರಗಿ ಸೀಮೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಹೆರಿಗೆ ಬಾರದಂತೆ ಲೆಕ್ಕ ಹಾಕುವುದು ಲೇಸು. ಕೇಂದ್ರ ಸರಕಾರದ 2017ರ ನಾಯಿ ಸಂವರ್ಧನೆ ಮತ್ತು ಮಾರಾಟ ನಿಯಮಗಳೂ ಇವೆ. 18 ತಿಂಗಳು ತುಂಬದ, 8 ವರ್ಷ ದಾಟಿದ ಹೆಣ್ಣಿನಿಂದ ಮರಿ ಮಾಡಿಸುವಂತಿಲ್ಲ. ಜೀವಮಾನದಲ್ಲಿ 5 ಸೂಲು ಮೀರುವಂತಿಲ್ಲ. 8 ವಾರದೊಳಗಿನ ಮರಿ ಮಾರುವಂತಿಲ್ಲ. ಮಾರಾಟಕ್ಕಾಗಿ ಮರಿ ಮಾಡಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಇದನ್ನು ಕಿರುಕುಳವೆಂದು ತಿಳಿಯಬಾರದು. ತಾಯಿ ಮರಿ ಹೆರುವ ಯಂತ್ರವಲ್ಲ ಎಂಬ ಮಾತನ್ನು ಕಾನೂನು ತನ್ನ ಭಾಷೆಯಲ್ಲಿ ಹೇಳಿದೆ, ಅಷ್ಟೇ.

ಮುಧೋಳ ನಾಯಿಗೆ ಈಗ ಕೀರ್ತಿ ಬಂದಿದೆ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂದಿತು. 2020ರ ಆಗಸ್ಟಿನಲ್ಲಿ ಪ್ರಧಾನಿಯವರು ‘ಮನದ ಮಾತು’ ಭಾಷಣದಲ್ಲಿ ಹೆಸರಿಸಿದರು. ನಮ್ಮ ಸೀಮೆಯ ನಾಯಿಗೆ ಮನ್ನಣೆ ಬಂದದ್ದು ಸಂತೋಷವೇ. ಆದರೆ ಬೇಡಿಕೆ ಏರಿದಾಗ ಸಿಕ್ಕ ಹೆಣ್ಣನ್ನೆಲ್ಲ ಕೂಡಿಸುವ ಅವಸರವೂ ಏರುತ್ತದೆ. ತಳಿ ಕೆಡುವುದು ಹೀಗೆಯೇ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿದೆ. ದಲ್ಲಾಳಿಯ ಮಾತಿಗಿಂತ ಅಲ್ಲಿಯವರ ಸಲಹೆ ಮೇಲೆಂದು ಶಿಷ್ಯನಿಗೆ ಹೇಳಿದೆ.

ಅವನು ಬೂದು ಬಣ್ಣದ್ದನ್ನು ಆರಿಸಿದ್ದಾನೆ. ಬಿಳಿಯದನ್ನು ಕೊಂಡು ಸಾಕುವುದಾದರೆ ಸಾಕು, ಅದೂ ಪ್ರೀತಿಗೆ ಅರ್ಹವೇ. ಮರಿ ಮಾತ್ರ ಮಾಡಿಸಬೇಡ ಎಂದಿದ್ದೇನೆ.

ಸುದ್ದಿ ತಿಳಿದು, ಅಂದು ಕಡಿಸಿಕೊಂಡ ನನ್ನ ಅಳಿಯ ಫೋನ್ ಮಾಡಿದ್ದ. ತುಟಿಯ ಮೇಲಿನ ಗೆರೆ ಇನ್ನೂ ಮಾಸಿಲ್ಲ. “ಮಾಮಾ, ಮಗಳು ನಾಯಿಮರಿ ಬೇಕಂತ ಹಟ ಹಿಡದಾಳ. ಒಂದು ಮರಿ ಹೇಳಿಡ್ರಿ” ಎಂದ. ಈ ಸಲ ನಾನು ಅಂದವನ್ನು ವರ್ಣಿಸಲಿಲ್ಲ. “ಮೊದಲು ಮಗಳನ್ನು ಕರೆದುಕೊಂಡು ಕಮಲಾಪುರಕ್ಕೆ ಹೋಗು. ಆ ತಾಯಿಯ ಹತ್ತಿರ ಅರ್ಧ ಗಂಟೆ ಕುಳಿತುಕೊಳ್ಳಿರಿ. ಅದು ತಾನಾಗಿ ಕೂಸಿನ ಹತ್ತಿರ ಬಂದರೆ ಆಮೇಲೆ ಮರಿಯ ಮಾತು” ಎಂದೆ.