ಆ ಒಂದು 'ಆದ್ರೂ'

ಹಬ್ಬಕ್ಕೆ ಊರಿಗೆ ಹೋಗಿದ್ದೆ. ಎಲೆ ಹಾಕುವ ಮೊದಲೇ ದೊಡ್ಡಮ್ಮ ಕೇಳಿದರು, "ಏನೇ, ವಿಶೇಷ ಏನೂ ಇಲ್ವಾ?" ಮದುವೆಯಾಗಿ ನಾಲ್ಕು ವರ್ಷವಾಯ್ತಲ್ಲ! ಆಫೀಸಿನಲ್ಲಿ ಪ್ರಮೋಷನ್ ಸಿಕ್ಕಿದ್ದನ್ನು ಹೇಳಿದೆ. "ಒಳ್ಳೇದಾಯ್ತು ಬಿಡು, ಆದ್ರೂ..." ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಓದಲು ಶುರುಮಾಡಿದ್ದು ನೈಜೀರಿಯಾದ ಫ್ಲೋರಾ ನ್ವಾಪಾ ಅವರ 'ಎಫುರು'. ಇಗ್ಬೋ ಸಮುದಾಯದ ಈ ಲೇಖಕಿಯ ಕಾದಂಬರಿ ಬಂದದ್ದು 1966ರಲ್ಲಿ. ನಾಯಕಿ ಎಫುರು ಚೆಲುವೆ, ವ್ಯಾಪಾರದಲ್ಲಿ ಎತ್ತಿದ ಕೈ. ಆದರೆ ಇದ್ದೊಬ್ಬ ಮಗಳು ತೀರಿಕೊಳ್ಳುತ್ತಾಳೆ, ಇಬ್ಬರು ಗಂಡಂದಿರೊಂದಿಗೂ ಬಾಳ್ವೆ ಮುರಿಯುತ್ತದೆ. ಅವಳನ್ನು ಹೊಗಳುವ ಊರಿನ ಬಾಯಲ್ಲೂ ಕೊನೆಗೆ ಅದೇ 'ಆದ್ರೂ'! ಎಫುರು ಸರೋವರದ ದೇವಿ ಉಹಾಮಿರಿಯ ಭಕ್ತೆಯಾಗುತ್ತಾಳೆ. ಆ ದೇವಿ ಸುಂದರಿ, ಸಿರಿವಂತೆ. ಮಕ್ಕಳು ಮಾತ್ರ ಇಲ್ಲ. ಹಾಗಿದ್ದರೂ ಹೆಂಗಸರು ಅವಳನ್ನು ಯಾಕೆ ಪೂಜಿಸುತ್ತಾರೆ? ಈ ಪ್ರಶ್ನೆಯಲ್ಲೇ ಕಾದಂಬರಿ ಮುಗಿಯುತ್ತದೆ.

ಆ ಕೊನೆಯ ಮಾತಿನಿಂದಲೇ ಹೆಸರು ಪಡೆದು 1979ರಲ್ಲಿ ಇನ್ನೊಂದು ಕಾದಂಬರಿ ಬಂತು: ಬುಚಿ ಎಮೆಚೆಟಾ ಅವರ 'ದಿ ಜಾಯ್ಸ್ ಆಫ್ ಮದರ್‌ಹುಡ್'. ಇದರ ನಾಯಕಿ ನ್ನು ಎಗೊ, ಮೊದಲ ಗಂಡನ ಮನೆಯಲ್ಲಿ ಮಕ್ಕಳಾಗದೆ ಮೂಲೆಗುಂಪಾದವಳು. ಎರಡನೇ ಮದುವೆಯಾಗಿ ಲಾಗೋಸ್‌ಗೆ ಬಂದ ಮೇಲೆ ಮಕ್ಕಳ ಮೇಲೆ ಮಕ್ಕಳು. ಸಿಗರೇಟು, ಸೌದೆ ಮಾರಿ ಸಾಕುತ್ತಾಳೆ. ಗಂಡುಮಕ್ಕಳು ಓದಿ ವಿದೇಶ ಸೇರುತ್ತಾರೆ. ಇವಳು ರಸ್ತೆ ಬದಿಯಲ್ಲಿ ಒಬ್ಬಳೇ ಸಾಯುತ್ತಾಳೆ. ಆಮೇಲೆ ಮಕ್ಕಳು ಬಂದು ಅದ್ದೂರಿಯಾಗಿ ಮಣ್ಣು ಮಾಡುತ್ತಾರೆ, ಗುಡಿಯನ್ನೂ ಕಟ್ಟಿಸುತ್ತಾರೆ. ಸಂತಾನ ಬೇಡಿ ಬಂದವರಿಗೆ ಮಾತ್ರ ಅವಳು ಏನನ್ನೂ ಕೊಡುವುದಿಲ್ಲ.

ಮಡಿಲು ಬರಿದಾದವಳೂ ಒಂಟಿ, ತುಂಬಿದವಳೂ ಒಂಟಿ. ಇಬ್ಬರನ್ನೂ ಅಳೆದದ್ದು ಒಂದೇ ಮೊಳಕೋಲು. ಅದನ್ನು ಎಸೆದು ಹೊರಡುವವಳು ನ್ನು ಎಗೊಳ ಸವತಿ ಅಡಾಕು. ಹೆಣ್ಣನ್ನಷ್ಟೇ ಹೆತ್ತಳೆಂದು ಹಿರಿಯರಿಂದ ಮಾತು ಕೇಳಿದವಳು, ಬೇರೆ ಮನೆ ಮಾಡಿ ಹೆಣ್ಣುಮಕ್ಕಳನ್ನು ಓದಿಸಲು ನಿಲ್ಲುತ್ತಾಳೆ.

ಇದು ತಾಯ್ತನದ ಮೇಲಿನ ಸಿಟ್ಟು ಅಂತ ನನಗನ್ನಿಸಲಿಲ್ಲ. ಎಮೆಚೆಟಾ ಸ್ವತಃ ಗಂಡನನ್ನು ಬಿಟ್ಟು, ಲಂಡನ್ನಿನಲ್ಲಿ ಐದು ಮಕ್ಕಳನ್ನು ಸಾಕುತ್ತಲೇ ಬರೆದವರು. ಆ ಗಂಡ ಅವರ ಮೊದಲ ಹಸ್ತಪ್ರತಿಯನ್ನು ಸುಟ್ಟುಹಾಕಿದ್ದ. ಅವರ ತಕರಾರು ಇಷ್ಟೇ: ಹೆಂಗಸಿಗೆ ತಾಯಿ ಅನ್ನೋದೊಂದೇ ಗುರುತಾದರೆ, ಆ ತಾಯಿಯ ಗತಿಯೇನು?

ಮಗು ಬೇಕಾ, ಯಾವಾಗ ಅಂತ ನಾವಿಬ್ಬರೂ ಇನ್ನೂ ತೀರ್ಮಾನ ಮಾಡಿಲ್ಲ. ಆದರೆ ಪುಸ್ತಕ ಮುಚ್ಚಿದಾಗ ನೆನಪಾದದ್ದು ದೊಡ್ಡಮ್ಮ. ಅವರ ಇಬ್ಬರು ಗಂಡುಮಕ್ಕಳೂ ಅಮೆರಿಕದಲ್ಲಿ. ಹಬ್ಬದ ದಿನವಿಡೀ ಮೊಬೈಲನ್ನು ಕಣ್ಣೆದುರೇ ಇಟ್ಟುಕೊಂಡು ಕೂತಿದ್ದರು. "ನೀವು ಹೇಗಿದ್ದೀರಿ" ಅಂತ ನಾನೂ ಕೇಳಿರಲಿಲ್ಲ.

ಈ ಭಾನುವಾರ ಫೋನ್ ಮಾಡಬೇಕು.