ಆಟ ಕಟ್ಟುತ್ತ ಭಾಷೆ ಕಲಿಯೋಣ

ಆಟ ತಯಾರಿಸುತ್ತ ಚೀನೀ ಭಾಷೆ ಕಲಿಯುವ ಬೇಸಿಗೆ ಶಿಬಿರಗಳು ಹೊರದೇಶಗಳಲ್ಲಿ ನಡೆಯುತ್ತಿವೆ. ಕೆರಗೋಡಿನಲ್ಲೂ ಅಂಥದ್ದೊಂದು ಬೇಕು.

ಚೀನೀ ಭಾಷೆಯಲ್ಲಿ ‘ಮಾ’ ಎಂದರೆ ದನಿಯ ಏರಿಳಿತಕ್ಕೆ ತಕ್ಕಂತೆ ತಾಯಿಯೂ ಹೌದು, ಕುದುರೆಯೂ ಹೌದು. ಬಾಯಿಪಾಠ ಮಾಡಿದ್ದು ಮರೆತುಹೋಗುತ್ತದೆ. ಉಚ್ಚಾರಣೆ ತಪ್ಪಿದರೆ ಕಾಯಿ ಹಿಂದಕ್ಕೆ ಹೋಗುವಂಥ ಚೌಕಾಬಾರವನ್ನು ನಾವೇ ಮಾಡಿ ಆಡಿದರೆ ನೆನಪಿನಲ್ಲಿ ಉಳಿಯುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೂ ಹಲವು ಮಣೆಯಾಟಗಳನ್ನು ರಚಿಸಿದ್ದರು.

ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಸರಾಗವಾಗಿ ಮಾತಾಡುವ ನಮ್ಮಲ್ಲಿ ಎಷ್ಟೋ ಜನ ಪಿಯುಸಿಗೆ ಬಂದೊಡನೆ ಇಂಗ್ಲಿಷ್ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ತಪ್ಪಾದರೆ ನಗುತ್ತಾರೆಂಬ ಭಯ. ಆಟದಲ್ಲಿ ಮಾತ್ರ ತಪ್ಪಿದವರಿಗೂ ಮತ್ತೆ ಸರದಿ ಬಂದೇ ಬರುತ್ತದೆ.

ಬೇಸಿಗೆ ರಜೆಯ ಹತ್ತು ದಿನ, ರಟ್ಟು, ಕವಡೆ, ಮನಸ್ಸುಳ್ಳ ಒಬ್ಬ ಅಧ್ಯಾಪಕರು ಸಾಕು. ಚೀನೀ ಕಲಿಸುವವರು ಸಿಗುವವರೆಗೆ ಇಂಗ್ಲಿಷ್‌ನಿಂದಲೇ ಶುರು ಮಾಡೋಣ.